ಮುಂಬಯಿಯ ಕ್ವಿಯರ್ ಕನ್ನಡಿಗರ ಬಗ್ಗೆ ಸಂಶೋಧನೆಗೆ ಹೊರಟವರಿಗೆ

ಮುಂಬಯಿ ಕನ್ನಡಿಗರ ಕುರಿತ ಬರಹಕ್ಕೆ ಬರವಿಲ್ಲ. ಉಡುಪಿ ಹೋಟೆಲುಗಳ ಚರಿತ್ರೆ, ಕೋಟೆ ಪ್ರದೇಶದ ರಾತ್ರಿ ಶಾಲೆಗಳು, ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಮಳೆಗಾಲದಲ್ಲಿ ಇಲ್ಲಿಗೆ ಬರುವ ಯಕ್ಷಗಾನ ಮೇಳಗಳು, ಎಲ್ಲದರ ಮೇಲೂ ಲೇಖನಗಳಿವೆ. ಅಭಿನಂದನ ಗ್ರಂಥಗಳಂತೂ ಕಪಾಟು ತುಂಬ. ಅಷ್ಟರಲ್ಲಿ ಹುಡುಕಿದರೂ ಸಿಗದವರು, ಇದೇ ಹೋಟೆಲುಗಳಲ್ಲಿ ತಟ್ಟೆ ಎತ್ತಿದ, ಇದೇ ಸಂಘಗಳ ವಾರ್ಷಿಕೋತ್ಸವದಲ್ಲಿ ಕುರ್ಚಿ ಜೋಡಿಸಿದ ಸಲಿಂಗಿ ಹುಡುಗರು, ಮದುವೆಯಾಗಿ ಬಂದು ಮನಸ್ಸನ್ನು ಮುಚ್ಚಿಟ್ಟುಕೊಂಡ ಹೆಂಗಸರು, ಊರು ಬಿಟ್ಟು ಬಂದ ಮಂಗಳಮುಖಿಯರು. ಇವರೆಲ್ಲರನ್ನೂ ಒಟ್ಟಾಗಿ ಕ್ವಿಯರ್ ಅಥವಾ ಎಲ್‌ಜಿಬಿಟಿಕ್ಯು ಜನ ಎನ್ನುತ್ತಾರೆ. ಈಚೆಗೆ ಸಮಾಜಕಾರ್ಯ, ಮನಶ್ಶಾಸ್ತ್ರ, ಕನ್ನಡ ವಿಭಾಗಗಳ ಕೆಲವು ವಿದ್ಯಾರ್ಥಿಗಳು ಈ ಕಡೆ ಕಣ್ಣು ಹಾಯಿಸುತ್ತಿದ್ದಾರೆ. ಈ ಮಾರ್ಗದರ್ಶಿ ಅವರಿಗಾಗಿ.

ಹೊರಡುವ ಮುನ್ನವೇ ಹೇಳಬೇಕಾದ ಮಾತೊಂದಿದೆ. ವಲಸಿಗನ ಒಂಟಿತನ ಎಂದರೆ ಬಂಧುಬಳಗದಿಂದ ದೂರವಾದದ್ದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮುಂಬಯಿ ಕನ್ನಡಿಗನ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಅವನು ಬರುವುದೇ ಊರಿನವರ ಕೈ ಹಿಡಿದು. ಕೆಲಸ ಕೊಡಿಸಿದವರು, ಮಲಗಲು ಜಾಗ ಕೊಟ್ಟವರು, ಜ್ವರ ಬಂದಾಗ ಡಾಕ್ಟರ ಬಳಿಗೆ ಕರೆದೊಯ್ದವರು ಎಲ್ಲರೂ ಊರಿನವರೇ. ಕ್ವಿಯರ್ ವ್ಯಕ್ತಿ ತನ್ನನ್ನು ಅಡಗಿಸಿಕೊಳ್ಳಬೇಕಾದದ್ದೂ ಅವರಿಂದಲೇ. ಕೈತುಂಬ ಜನ, ಬಾಯಿ ಬಿಡಲು ಒಬ್ಬರಿಲ್ಲ. ಇದನ್ನು ಗಮನಿಸದ ಪ್ರಶ್ನಾವಳಿ ಹಿಡಿದುಕೊಂಡು ಹೋದರೆ, ‘ಸಾಮಾಜಿಕ ಸಂಪರ್ಕ ಉತ್ತಮವಾಗಿದೆ’ ಎಂಬ ಸುಳ್ಳು ಫಲಿತಾಂಶ ಹೊತ್ತು ಮನೆಗೆ ಬರುತ್ತೀರಿ.

ಯಾರ ವಲಸೆ ಎಂದು ಮೊದಲು ತೀರ್ಮಾನಿಸಿ

‘ಮುಂಬಯಿಯ ಎಲ್‌ಜಿಬಿಟಿಕ್ಯು ಕನ್ನಡಿಗರು’ ಎಂಬ ಒಂದೇ ಗುಂಪು ಇಲ್ಲ. ಕರಾವಳಿಯಿಂದ ಹೋಟೆಲು, ಬಾರು, ಕ್ಯಾಂಟೀನುಗಳಿಗೆ ಬಂದವರದು ಒಂದು ದಾರಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಬಂದವರದು ಇನ್ನೊಂದು. ಅಲ್ಲಿ ಮಲಗುವ ಶೀಟಿನ ಮನೆಯಲ್ಲಿ ಗುಟ್ಟು ಎಂಬುದಕ್ಕೆ ಗೋಡೆಯೇ ಇಲ್ಲ. ಪದವಿ ಮುಗಿಸಿ ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳಿಗೆ ಬಂದವರ ಬಾಡಿಗೆ ಕೋಣೆಗೆ ಚಿಲಕವಾದರೂ ಇರುತ್ತದೆ. ಹಿಜ್ರಾ ಘರಾಣೆಗಳಿಗೆ, ಅಂದರೆ ಮಂಗಳಮುಖಿಯರ ಗುರುಪರಂಪರೆಯ ಮನೆಗಳಿಗೆ, ಚೇಲಾ (ಶಿಷ್ಯೆ) ಆಗಿ ಬಂದವರಿಗೆ ಗುರುವೇ ಆಸರೆ, ಗುರುವೇ ಲಗಾಮು. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಹುಟ್ಟಿ ಬೆಳೆದವರನ್ನು ವಲಸಿಗರು ಎನ್ನುವಂತಿಲ್ಲ. ಆದರೆ ಅಪ್ಪನ ಮನೆ ಬಿಟ್ಟು ಅಂಧೇರಿಯ ಪೇಯಿಂಗ್ ಗೆಸ್ಟ್ ಕೋಣೆಗೆ ಹೋದ ಮಗಳದು ಒಂದು ಬಗೆಯ ವಲಸೆ ಅಲ್ಲ ಎಂದು ಹೇಗೆ ಹೇಳುವುದು? ಇವುಗಳಲ್ಲಿ ಒಂದನ್ನು ಅಥವಾ ಹೋಲಿಸಲು ಎರಡನ್ನು ಆರಿಸಿಕೊಳ್ಳಿ. ಐದನ್ನೂ ಹಿಡಿದರೆ ಒಂದೂ ಕೈಗೆ ಬರುವುದಿಲ್ಲ.

ಸರಕಾರಿ ಅಂಕಿಅಂಶ ಇಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ವಲಸೆಗೆ ಅದು ಕೊಟ್ಟ ಕಾರಣಗಳು ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ, ಹುಟ್ಟಿದ ಬಳಿಕ ಸ್ಥಳಾಂತರ, ಕುಟುಂಬದೊಂದಿಗೆ ಸ್ಥಳಾಂತರ, ಇತರೆ. ಊರಿನಲ್ಲಿ ಮದುವೆ ಮಾತು ಬಂದಾಗಲೆಲ್ಲ ಎದೆ ಹೊಡೆದುಕೊಂಡು ಕೊನೆಗೆ ರೈಲು ಹತ್ತಿದವನು ಆ ಪಟ್ಟಿಯಲ್ಲಿ ‘ಉದ್ಯೋಗ’ದ ಕೆಳಗೆ ಬರುತ್ತಾನೆ. ಮನಸ್ಸಿಲ್ಲದ ಮದುವೆಯಾಗಿ ಬಂದವಳು ‘ಮದುವೆ’ಯ ಕೆಳಗೆ. ಅದೇ ಜನಗಣತಿ ಮೊದಲ ಬಾರಿಗೆ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂಬ ಮೂರನೆಯ ಆಯ್ಕೆಯನ್ನೂ ಇಟ್ಟಿತ್ತು. ದೇಶದಲ್ಲಿ 4,87,803, ಮಹಾರಾಷ್ಟ್ರದಲ್ಲಿ 40,891, ಕರ್ನಾಟಕದಲ್ಲಿ 20,266 ಮಂದಿ ಹಾಗೆ ದಾಖಲಾದರು. ಇದು ಲಿಂಗತ್ವದ ಲೆಕ್ಕ ಮಾತ್ರ. ಸಲಿಂಗಿ, ದ್ವಿಲಿಂಗಿಗಳ ಲೆಕ್ಕ ಅದರಲ್ಲಿಲ್ಲ. ಪ್ರಬಂಧದ ಮೊದಲ ಪುಟದಲ್ಲಿ ಈ ಸಂಖ್ಯೆ ಹಾಕಿ ‘ಇಷ್ಟು ಎಲ್‌ಜಿಬಿಟಿಕ್ಯು ಜನ’ ಎಂದು ಬರೆಯುವ ಚಾಳಿ ಇದೆ. ದಯವಿಟ್ಟು ಬೇಡ.

‘ನೀವು ಸಲಿಂಗಿ ಎಂಬ ಕಾರಣಕ್ಕೆ ಊರು ಬಿಟ್ಟಿರಾ?’ ಎಂದು ನೇರವಾಗಿ ಕೇಳಿದರೆ ಹೌದು ಎನ್ನುವವರು ಹೌದು ಎನ್ನುತ್ತಾರೆ, ಇಲ್ಲ ಎನ್ನುವವರು ಇಲ್ಲ ಎನ್ನುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಬರುವ ಹಿಂದಿನ ವರ್ಷ ಮನೆಯಲ್ಲಿ ಏನು ನಡೆಯುತ್ತಿತ್ತು, ಟಿಕೆಟ್ಟಿನ ದುಡ್ಡು ಯಾರದು, ಮತ್ಸ್ಯಗಂಧ ರೈಲಿನಿಂದ ಕುರ್ಲಾದಲ್ಲಿ ಇಳಿದ ದಿನ ಕರೆದೊಯ್ಯಲು ಯಾರು ಬಂದಿದ್ದರು, ಆ ರಾತ್ರಿ ಎಲ್ಲಿ ಮಲಗಿದಿರಿ ಎಂದು ಕೇಳಿ. ಕಾರಣ ತಾನಾಗಿಯೇ ಹೊರಬರುತ್ತದೆ, ಅದೂ ಒಂದಲ್ಲ, ನಾಲ್ಕಾರು ಹೆಣೆದುಕೊಂಡು.

ಇನ್ನೊಂದು ಎಚ್ಚರ. ನಿಮಗೆ ಸಿಗುವವರು ಬಂದು ಉಳಿದವರು. ಬರಲಾಗದವರು ಊರಿನಲ್ಲಿದ್ದಾರೆ, ಸೋತು ಮರಳಿದವರೂ ಊರಿನಲ್ಲಿದ್ದಾರೆ. ಹಾಗಾಗಿ ವಲಸೆಯಿಂದ ಮನಸ್ಸು ಕೆಟ್ಟಿತು ಎಂದಾಗಲಿ ಸುಧಾರಿಸಿತು ಎಂದಾಗಲಿ ಷರಾ ಬರೆಯಲು ನಿಮ್ಮ ಬಳಿ ಸಾಕ್ಷ್ಯ ಇರುವುದಿಲ್ಲ. ಸಾಧ್ಯವಿದ್ದರೆ ಮರಳಿ ಹೋದ ಕೆಲವರನ್ನಾದರೂ ಮಾತನಾಡಿಸಿ.

ಓದಬೇಕಾದದ್ದು, ಓದಿ ಬಳಸಬೇಕಾದದ್ದು

ಸಿದ್ಧಾಂತದ ಕಡೆಯಿಂದ ಅಮೆರಿಕದ ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ವಿಸ್ತರಿಸಿದ ‘ಅಲ್ಪಸಂಖ್ಯಾತರ ಒತ್ತಡ’ದ ಮಾದರಿ ಸಾಕು. ತಾರತಮ್ಯ ನಡೆದಾಗಿನ ನೋವು ಒಂದಾದರೆ, ನಡೆದೀತು ಎಂಬ ನಿರೀಕ್ಷೆ, ಮುಚ್ಚಿಡುವ ಶ್ರಮ, ಸಮಾಜದ ತಿರಸ್ಕಾರವನ್ನು ತನ್ನೊಳಗೇ ಇಳಿಸಿಕೊಳ್ಳುವುದು ಇನ್ನೊಂದು ಎನ್ನುತ್ತದೆ ಆ ಮಾದರಿ. ನಮ್ಮ ವಿಷಯದಲ್ಲಿ ಮುಚ್ಚಿಡುವ ಶ್ರಮಕ್ಕೆ ಹೆಚ್ಚು ತೂಕ ಕೊಡಿ.

ಕಾನೂನಿನ ಇತಿಹಾಸವನ್ನು ಪೀಠಿಕೆಯಲ್ಲಿ ತುಂಬಿ ಸುಮ್ಮನಾಗಬೇಡಿ, ಸಂದರ್ಶನದ ಮೇಜಿಗೆ ತನ್ನಿ. ಒಂದು ಉದ್ದನೆಯ ಹಾಳೆಯಲ್ಲಿ ಗೆರೆ ಎಳೆದು ಗುರುತು ಹಾಕಿ: 1990ರಲ್ಲಿ ಸಲಿಂಗಿಗಳಿಗಾಗಿ ‘ಬಾಂಬೆ ದೋಸ್ತ್’ ಪತ್ರಿಕೆ, 1994ರಲ್ಲಿ ಅವರ ನೆರವಿಗೆ ಮುಂಬಯಿಯಲ್ಲಿ ಹಮ್‌ಸಫರ್ ಟ್ರಸ್ಟ್, 2009ರಲ್ಲಿ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದ ದೆಹಲಿ ಹೈಕೋರ್ಟಿನ ತೀರ್ಪು, 2013ರ ಡಿಸೆಂಬರಿನಲ್ಲಿ ಅದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಮೂರನೆಯ ಲಿಂಗವೆಂದು ಮಾನ್ಯ ಮಾಡಿದ 2014ರ ನಾಲ್ಸಾ ತೀರ್ಪು, 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಕುಣಿಕೆ ಸಡಿಲಿದ್ದು, 2023ರ ಅಕ್ಟೋಬರಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಸಿಗದೆ ಹೋದದ್ದು. ಈಗ ಎದುರಿಗಿರುವವರಿಗೆ ಪೆನ್ನು ಕೊಟ್ಟು, ನೀವು ಬಂದ ವರ್ಷ, ಕೋಣೆ ಬದಲಿಸಿದ ವರ್ಷ, ಮೊದಲ ಸ್ಮಾರ್ಟ್‌ಫೋನ್ ಕೊಂಡ ವರ್ಷ, ಯಾರಿಗಾದರೂ ಮೊದಲ ಸಲ ಹೇಳಿಕೊಂಡ ವರ್ಷ ಗುರುತಿಸಿ ಎನ್ನಿ. ನ್ಯಾಯಾಲಯದ ಗೆರೆ ಮತ್ತು ಬದುಕಿನ ಗೆರೆ ಎಲ್ಲಿ ಕೂಡುತ್ತವೆ, ಎಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ ಎಂಬುದು ಆ ಹಾಳೆಯಲ್ಲೇ ಕಾಣುತ್ತದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಗುರುತಿನ ಪತ್ರದ ವಿಷಯದಲ್ಲಿ 2019ರ ಕಾಯ್ದೆಯನ್ನೂ ನಿಯಮಗಳನ್ನೂ ಸಂದರ್ಶನಕ್ಕೆ ಹೋಗುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ಹಳೆಯ ಮಾಹಿತಿ ಹೇಳಿ ಯಾರನ್ನೂ ದಾರಿ ತಪ್ಪಿಸಬೇಡಿ.

ಪ್ರಶ್ನೆಗಿಂತ ಮೊದಲು ನೆರವಿನ ಪಟ್ಟಿ

ಅನೇಕರು ಇದನ್ನು ಕೊನೆಗೆ, ಅನುಬಂಧದಲ್ಲಿ ಹಾಕುತ್ತಾರೆ. ನನ್ನ ಮಟ್ಟಿಗೆ ಇದು ಇಲ್ಲದೆ ಒಂದು ಸಂದರ್ಶನವೂ ಆಗಬಾರದು. ಮುಚ್ಚಿಟ್ಟದ್ದನ್ನು ಬಿಚ್ಚಿಸಿ, ‘ಧನ್ಯವಾದ’ ಹೇಳಿ ಲೋಕಲ್ ಹಿಡಿದು ಹೋಗುವುದು ಸಂಶೋಧನೆಯಲ್ಲ, ದರೋಡೆ.

ಕೇಂದ್ರ ಸರಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ (14416) 2022ರ ಅಕ್ಟೋಬರಿನಿಂದ ಇದೆ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡವೂ ಅದರ ಭಾಷೆಗಳಲ್ಲೊಂದು. ಪಟ್ಟಿಗೆ ಸೇರಿಸುವ ಮುನ್ನ ಮುಂಬಯಿಯ ನಂಬರಿನಿಂದ ನೀವೇ ಕರೆ ಮಾಡಿ, ಕನ್ನಡ ಬೇಕು ಎಂದು ಕೇಳಿ, ಎಷ್ಟು ಹೊತ್ತು ಕಾಯಬೇಕಾಯಿತು ಎಂದು ಬರೆದಿಟ್ಟುಕೊಳ್ಳಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಐಕಾಲ್’ ಮುಂಬಯಿಯದೇ ದೂರವಾಣಿ ಸಮಾಲೋಚನೆ ಸೇವೆ. ಹಮ್‌ಸಫರ್ ಟ್ರಸ್ಟ್ ಆಪ್ತಸಮಾಲೋಚನೆಯನ್ನೂ ಆರೋಗ್ಯ ಸೇವೆಯನ್ನೂ ನಡೆಸುತ್ತದೆ. ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಕ್ವಿಯರ್ ಜನರನ್ನು ಒಪ್ಪಿಕೊಂಡು ನಡೆಸುವ ಸಮಾಲೋಚನೆಯಲ್ಲಿ ತರಬೇತಿ ಕೊಡುತ್ತದೆ. ಅಲ್ಲಿ ಕಲಿತವರಲ್ಲಿ ಕನ್ನಡವೋ ತುಳುವೋ ಬಲ್ಲವರು ಇದ್ದಾರೆಯೇ ಎಂದು ವಿಚಾರಿಸಿ. ದುಡ್ಡಿಲ್ಲದವರಿಗೆ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಿವೆ.

‘ಇದನ್ನು ಸರಿ ಮಾಡಿಕೊಡುತ್ತೇನೆ’ ಎನ್ನುವ ಯಾರೂ ನಿಮ್ಮ ಪಟ್ಟಿಯಲ್ಲಿರಬಾರದು, ಎಷ್ಟೇ ದೊಡ್ಡ ಹೆಸರಿನವರಾದರೂ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಸಾರಿತು. ಮದ್ರಾಸ್ ಹೈಕೋರ್ಟಿನ ಪ್ರಕರಣವೊಂದರ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಮು ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಕೂಡದು ಎನ್ನುತ್ತದೆ 115ನೇ ಕಲಮು. ಪೊಲೀಸರ ಭಯದಿಂದ ಬಾಯಿ ಬಿಡದವರಿಗೆ ಈ ಕೊನೆಯ ಮಾತು ಗೊತ್ತಿರಬೇಕು.

ನೈತಿಕ ಸಮಿತಿ ಮತ್ತು ಸಹಿ ಇಲ್ಲದ ಒಪ್ಪಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಲೈಂಗಿಕ ಅಲ್ಪಸಂಖ್ಯಾತರನ್ನು ವಿಶೇಷ ರಕ್ಷಣೆ ಬೇಕಾದವರೊಡನೆ ಸೇರಿಸಿದೆ. ವಿಶ್ವವಿದ್ಯಾಲಯದಲ್ಲಿದ್ದರೆ ಅಲ್ಲಿನ ನೈತಿಕ ಸಮಿತಿಗೆ ಅರ್ಜಿ ಹಾಕಿ. ಸ್ವತಂತ್ರವಾಗಿ ಬರೆಯುವವರು ಸಮಿತಿಯಿರುವ ಸಂಸ್ಥೆಯೊಂದರ ಜತೆಗೂಡುವುದು ವಾಸಿ.

ಒಪ್ಪಿಗೆ ಪತ್ರದ ಮೇಲೆ ಹೆಸರು ಬರೆದು ಸಹಿ ಹಾಕಿಸುವುದು ವಾಡಿಕೆ. ಇಲ್ಲಿ ಆ ಕಾಗದವೇ ಕುತ್ತು, ಏಕೆಂದರೆ ಇಡೀ ಅಧ್ಯಯನದಲ್ಲಿ ಅವರ ನಿಜನಾಮ ಇರುವುದು ಅದೊಂದರಲ್ಲೇ. ಸಹಿಯ ಬದಲು ಬಾಯಿಮಾತಿನ ಒಪ್ಪಿಗೆ ದಾಖಲಿಸಲು ಸಮಿತಿಯ ಅನುಮತಿ ಕೇಳಿ, ಕಾರಣ ವಿವರಿಸಿದರೆ ಕೊಡುತ್ತಾರೆ. ಓದಿ ಹೇಳುವ ಮಾತು ಸರಳವಾಗಿರಲಿ, ಸುಮಾರು ಹೀಗೆ: ‘ನಿಮ್ಮ ಹೆಸರು ನನಗೆ ಬೇಡ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ನಡುವೆ ಎದ್ದು ಹೋದರೂ ಬಸ್ಸಿನ ಖರ್ಚು ಮತ್ತು ಕೂಲಿ ಪೂರ್ತಿ ಕೊಡುತ್ತೇನೆ. ಇಂಥ ತಾರೀಕಿನವರೆಗೆ ಹೇಳಿದರೆ ನಿಮ್ಮ ಮಾತನ್ನೆಲ್ಲ ಅಳಿಸುತ್ತೇನೆ. ಒಂದು ವಿಷಯ ಮಾತ್ರ ಗುಟ್ಟಾಗಿ ಇಡಲಾರೆ: ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದರೆ ಕಾನೂನು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ.’ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಈ ಮಾತನ್ನು ಮೊದಲೇ ಹೇಳದೆ, ಎಲ್ಲ ಕೇಳಿದ ಮೇಲೆ ಹೇಳುವುದು ವಿಶ್ವಾಸಘಾತ. ವಯಸ್ಕರು ತಮ್ಮ ಬಾಲ್ಯದ ನೋವನ್ನು ಹೇಳಿಕೊಂಡರೆ ಏನು ಮಾಡಬೇಕೆಂದು ಸಮಿತಿಯಿಂದ ಬರಹದಲ್ಲಿ ಪಡೆಯಿರಿ.

ಜನರನ್ನು ತಲುಪುವುದು

ಕನ್ನಡ ಸಂಘದ ಕಾರ್ಯದರ್ಶಿಯ ಬಳಿ ಹೋಗಿ ‘ನಿಮ್ಮಲ್ಲಿ ಇಂಥವರು ಯಾರಾದರೂ ಇದ್ದಾರೆಯೇ?’ ಎಂದು ಕೇಳುವ ಧೈರ್ಯಶಾಲಿಗಳಿದ್ದಾರೆ. ಮರುದಿನದಿಂದ ಆ ಸಂಘದಲ್ಲಿ ಮದುವೆಯಾಗದ ಪ್ರತಿಯೊಬ್ಬನ ಮೇಲೂ ಕಣ್ಣು. ಆರಂಭ ಕ್ವಿಯರ್ ಸಂಘಟನೆಗಳಿಂದಲೇ ಆಗಬೇಕು. ಗಂಡಸರನ್ನು ತಲುಪಲು ಹಮ್‌ಸಫರ್‌ನಂಥ ಸಂಸ್ಥೆಗಳು ಇವೆ. ಹೆಣ್ಣಾಗಿ ಹುಟ್ಟಿದವರನ್ನು ತಲುಪುವುದು ಹೆಚ್ಚು ಕಷ್ಟ. 1995ರಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿರುವ ಲೇಬಿಯಾ ಎಂಬ ಕ್ವಿಯರ್ ಸ್ತ್ರೀವಾದಿ ಬಳಗ ಅಂಥ ಐವತ್ತು ಮಂದಿಯ ಜೀವನಕಥನಗಳನ್ನು ಆಧರಿಸಿ ಅಧ್ಯಯನ ನಡೆಸಿತ್ತು, ಅದರ ವಿಧಾನವನ್ನು ಓದಿಯೇ ಮುಂದೆ ಹೆಜ್ಜೆ ಇಡಿ. ಹಿಜ್ರಾ ಮನೆಗಳಿಗೆ ಗುರುವಿನ ಅಪ್ಪಣೆ ಇಲ್ಲದೆ ಹೋಗುವಂತಿಲ್ಲ. ಆದರೆ ಗುರು ಹೂಂ ಎಂದ ಮಾತ್ರಕ್ಕೆ ಚೇಲಾ ಒಪ್ಪಿದಂತೆ ಅಲ್ಲ, ಅವರನ್ನು ಬೇರೆಯಾಗಿ, ಗುರುವಿನ ಕಿವಿಗೆ ಬೀಳದಂತೆ ಕೇಳಬೇಕು.

ಒಬ್ಬರು ಇನ್ನೊಬ್ಬರನ್ನು ಪರಿಚಯಿಸುತ್ತ ಹೋಗುವ ಕ್ರಮ ಸುಲಭ. ಅದರ ದೋಷವೆಂದರೆ ಯಾರಿಗೂ ಪರಿಚಯವಿಲ್ಲದ, ಅಂದರೆ ನಿಜಕ್ಕೂ ಒಂಟಿಯಾಗಿರುವ ವ್ಯಕ್ತಿ ಆ ಸರಪಣಿಗೆ ಸಿಗುವುದೇ ಇಲ್ಲ. ಒಂಟಿತನದ ಅಧ್ಯಯನದಲ್ಲಿ ಒಂಟಿಯಾದವರೇ ಇಲ್ಲ! ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ರೂಪಿಸಿದ ಕೂಪನ್ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಎರಡೋ ಮೂರೋ ಕೂಪನ್ ಮಾತ್ರ ಕೊಟ್ಟು, ಯಾರಿಗೆ ಎಷ್ಟು ಪರಿಚಯಸ್ಥರು ಎಂಬ ಲೆಕ್ಕ ಇಟ್ಟು, ಬಳಿಕ ಅದಕ್ಕೆ ತಕ್ಕಂತೆ ಪ್ರತಿ ಉತ್ತರದ ತೂಕ ಸರಿಪಡಿಸುತ್ತಾರೆ. ದೊಡ್ಡ ಸಮೀಕ್ಷೆಗೆ ಅದು ಸರಿ. ಇಪ್ಪತ್ತು ಜನರ ಅಧ್ಯಯನಕ್ಕೆ ಅಷ್ಟೆಲ್ಲ ಬೇಡ. ಬೇರೆ ಬೇರೆ ಕಡೆಯಿಂದ ನಾಲ್ಕೈದು ಸರಪಣಿ ಆರಂಭಿಸಿ, ಡೇಟಿಂಗ್ ಆ್ಯಪ್‌ಗಳಲ್ಲಿ ಸಂಶೋಧಕ ಎಂದೇ ಬರೆದ ಬಹಿರಂಗ ಪ್ರೊಫೈಲ್ ಇಟ್ಟು ಕಾಯಿರಿ. ಸುಳ್ಳು ಪ್ರೊಫೈಲ್ ಹಾಕಿ ಮಾತಿಗೆಳೆಯುವುದನ್ನು ಯಾವ ಸಮಿತಿಯೂ ಒಪ್ಪದು. ಅಲ್ಲಿ ಸುಲಿಗೆಕೋರರ ಕಾಟವೂ ಇರುವುದರಿಂದ ಜನ ನಿಮ್ಮನ್ನು ಅನುಮಾನಿಸುವುದು ನ್ಯಾಯವೇ.

ಸಮಯ, ಸ್ಥಳ ಗಮನಿಸಿ. ಹೋಟೆಲಿನವರಿಗೆ ಬಿಡುವು ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ, ಸಂಜೆಯ ಚಹಾ ಶುರುವಾಗುವ ಮುನ್ನ. ಮಾತಿಗೆ ಮಾಟುಂಗ ಬೇಡ, ಅಲ್ಲಿ ಸಾಂಬಾರಿನ ಪರಿಮಳ ಇರುವಲ್ಲೆಲ್ಲ ಪರಿಚಯದ ಮುಖ. ಅವರ ಹೋಟೆಲಿನ ರೈಲು ಮಾರ್ಗ ಬಿಟ್ಟು ಇನ್ನೊಂದು ಮಾರ್ಗದ ನಿಲ್ದಾಣ ಆರಿಸಿಕೊಳ್ಳಿ. ಫೋನ್ ಸಂದರ್ಶನ ಎಂದರೆ ಸುಲಭ ಅನ್ನಿಸಬಹುದು; ಆರು ಜನ ಸಾಲಾಗಿ ಮಲಗುವ ಕೋಣೆಯಲ್ಲಿ ಅವರು ಎಲ್ಲಿ ನಿಂತು ಮಾತನಾಡಬೇಕು? ಏಪ್ರಿಲ್, ಮೇಯಲ್ಲಿ ಕರಾವಳಿಯವರು ಮದುವೆ, ಕೋಲ, ನೇಮ ಎಂದು ಊರಿಗೆ ಹೋಗಿರುತ್ತಾರೆ. ಆ ಪ್ರಯಾಣದ ಮುಂಚಿನ ವಾರ ಮತ್ತು ಮರಳಿದ ವಾರ ಮಾತಿಗೆ ಬಲು ಮಹತ್ವದ್ದು. ‘ಈ ಸಲವಾದರೂ ಹುಡುಗಿ ನೋಡಲೇಬೇಕು’ ಎಂಬ ಮಾತು ಕೇಳಿಬರುವುದು ಅಲ್ಲೇ.

ಸಂಶೋಧಕರೂ ಕನ್ನಡಿಗರಾಗಿದ್ದರೆ ಇನ್ನೊಂದು ತೊಡಕಿದೆ. ನೀವು ಪ್ರಶ್ನೆ ಕೇಳುವ ಮುನ್ನ ಅವರೇ ಕೇಳುತ್ತಾರೆ: ‘ನಿಮ್ಮದು ಊರಿನಲ್ಲಿ ಎಲ್ಲಿ? ಯಾರ ಪೈಕಿ?’ ನಾಲ್ಕು ಮಾತಿನೊಳಗೆ ಒಬ್ಬ ಸಮಾನ ನೆಂಟ ಸಿಕ್ಕಿಬಿಡುತ್ತಾನೆ. ಬೇರೆ ಯಾವ ಸಂದರ್ಭದಲ್ಲೂ ಅದು ಸಂತೋಷದ ಸಂಗತಿ, ಇಲ್ಲಿ ಮಾತ್ರ ಎದುರಿಗಿರುವವರ ಮುಖ ಬಾಡುತ್ತದೆ. ಆದ್ದರಿಂದ ನಿಮ್ಮ ತಾಲೂಕು, ಮನೆತನ, ಮುಂಬಯಿಯಲ್ಲಿರುವ ನಿಮ್ಮ ಬಂಧುಗಳ ಉದ್ಯೋಗ ಇಷ್ಟನ್ನು ಭೇಟಿಗೆ ಮೊದಲೇ ಸಂದೇಶದಲ್ಲಿ ತಿಳಿಸಿ. ಬೇರೆಯವರು ಬೇಕೆಂದರೆ ಕಳುಹಿಸುತ್ತೇವೆ ಎನ್ನಿ. ನಮ್ಮವರೇ ಆದರೆ ಮನಸ್ಸು ಬಿಚ್ಚುತ್ತಾರೆ ಎಂಬುದು ಅರ್ಧ ಸತ್ಯ. ಕೆಲವರು ನಮ್ಮವರಲ್ಲದ ಮರಾಠಿ ಹುಡುಗಿಯ ಎದುರು ಹರಕು ಹಿಂದಿಯಲ್ಲಿ ಹೇಳಿಕೊಂಡಷ್ಟನ್ನು ನಿಮ್ಮ ಎದುರು ತಾಯ್ನುಡಿಯಲ್ಲಿ ಹೇಳಲಾರರು.

ವೃತ್ತಗಳ ಹಾಳೆ

ನನ್ನ ದೃಷ್ಟಿಯಲ್ಲಿ ಇಡೀ ಸಂದರ್ಶನದ ಜೀವಾಳ ಇದು. ಬಿಳಿ ಹಾಳೆಯ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆಯಿರಿ. ನಡುವೆ ಅವರು. ಒಳವೃತ್ತದಲ್ಲಿ ದಿನವೂ ಕಾಣುವವರು, ಎರಡನೆಯದರಲ್ಲಿ ವಾರಕ್ಕೋ ತಿಂಗಳಿಗೋ ಸಿಗುವವರು, ಹೊರಗಿನದರಲ್ಲಿ ಫೋನಿನಲ್ಲಷ್ಟೇ ಇರುವವರು. ಹೆಸರು ಬೇಡ, ‘ಸೇಠ್’, ‘ಕೋಣೆಯ ಜತೆಗಾರ’, ‘ಅಕ್ಕ’, ‘ಭಜನಾ ಮಂಡಳಿಯವರು’ ಎಂದಷ್ಟೇ ಸಾಕು. ಬರೆದಾದ ಮೇಲೆ ಎರಡು ಬಣ್ಣದ ಪೆನ್ನು ಕೊಡಿ. ನಿಮ್ಮ ವಿಷಯ ತಿಳಿದವರಿಗೆ ಹಸಿರು ಸುತ್ತು, ತಿಳಿಯಲೇಬಾರದು ಎನ್ನುವವರಿಗೆ ಕೆಂಪು. ಎರಡೂ ಅಲ್ಲದವರನ್ನು ಹಾಗೆಯೇ ಬಿಡಲಿ.

ಆಮೇಲೆ ಮಾತನಾಡಬೇಕಾದದ್ದು ಪ್ರಶ್ನಾವಳಿಯಲ್ಲ, ಆ ಹಾಳೆ. ಜ್ವರ ಬಂದು ಮಲಗಿದರೆ ಗಂಜಿ ತಂದುಕೊಡುವವರು ಇದರಲ್ಲಿ ಯಾರು? ಕೈಸಾಲ ಬೇಕಾದರೆ? ಆಸ್ಪತ್ರೆಗೆ ಸೇರಿಸಿದರೆ ಕಾಗದಕ್ಕೆ ಸಹಿ ಹಾಕುವವರು? ಸಂಗಾತಿಯೊಡನೆ ಜಗಳವಾದ ರಾತ್ರಿ ಫೋನ್ ಮಾಡುವುದು ಯಾರಿಗೆ? ಗಂಜಿ, ಸಾಲ, ಸಹಿ ಈ ಮೂರೂ ಕೆಂಪು ಸುತ್ತಿನವರಿಂದಲೇ ಬರುತ್ತಿದ್ದರೆ ಆ ವ್ಯಕ್ತಿಯ ಬದುಕಿನ ನಕ್ಷೆ ನಿಮ್ಮ ಕೈಯಲ್ಲಿದೆ ಎಂದು ತಿಳಿಯಿರಿ. ಕೆಲಸ, ಕೋಣೆ, ಊರಿಗೆ ಕಳುಹಿಸುವ ಹಣದ ದಾರಿ ಮೂರೂ ಒಬ್ಬನೇ ಸಂಬಂಧಿಯ ಕೈಯಲ್ಲಿದ್ದರೆ ವಿಷಯ ಹೊರಬಿದ್ದ ದಿನ ಮೂರೂ ಒಟ್ಟಿಗೆ ಹೋಗುತ್ತವೆ. ಈ ಲೆಕ್ಕಾಚಾರವನ್ನು ಅವರು ಎಷ್ಟೋ ಸಲ ಮನಸ್ಸಿನಲ್ಲೇ ಮಾಡಿರುತ್ತಾರೆ. ಕೇಳಿದರೆ ಹೇಳುತ್ತಾರೆ.

ಹಸಿರು ಸುತ್ತಿನವರು ಯಾವ ಭಾಷೆಯವರು, ಎಲ್ಲಿ ಸಿಕ್ಕರು, ಯಾವ ವರ್ಷ ಎಂದೂ ಕೇಳಿ. ಹಾಳೆಯ ಚಿತ್ರ ತೆಗೆದುಕೊಂಡು ಮೂಲ ಹಾಳೆಯನ್ನು ಅವರೆದುರಿಗೇ ಹರಿದುಹಾಕಿ. ಅದನ್ನು ಅವರು ಜೇಬಿನಲ್ಲಿಟ್ಟುಕೊಂಡು ಕೋಣೆಗೆ ಮರಳುವಂತಾಗಬಾರದು.

ಅಳತೆಗೋಲುಗಳು

ಖಿನ್ನತೆ ಅಳೆಯಲು ಪಿಎಚ್‌ಕ್ಯು-9 ಹೆಚ್ಚು ಬಳಕೆಯಲ್ಲಿದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಸ್ಥಿತಿ, 0ಯಿಂದ 27ರ ವರೆಗೆ ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಗಮನಿಸಬೇಕಾದ ಮಟ್ಟ ಎನ್ನುತ್ತಾರೆ. ರೋಗ ನಿರ್ಣಯ ಅದರಿಂದ ಆಗುವುದಿಲ್ಲ. ಅದರಲ್ಲಿ ನಿದ್ದೆ, ಹಸಿವು, ಆಯಾಸದ ಪ್ರಶ್ನೆಗಳೂ ಇವೆ. ನಸುಕಿನಲ್ಲಿ ಇಡ್ಲಿಹಿಟ್ಟಿನ ಮುಂದೆ ನಿಂತು ನಡುರಾತ್ರಿ ಶಟರ್ ಎಳೆಯುವವನಿಗೆ ಮನಸ್ಸು ನೆಟ್ಟಗಿದ್ದರೂ ಈ ಮೂರರಲ್ಲಿ ಅಂಕ ಬಂದೇ ಬರುತ್ತದೆ. ಪಕ್ಕದಲ್ಲೇ ದುಡಿಮೆಯ ಗಂಟೆಗಳನ್ನು ಬರೆದುಕೊಳ್ಳಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಕುರಿತದ್ದು. ಅದಕ್ಕೆ ‘ಇಲ್ಲ’ ಅಲ್ಲದ ಉತ್ತರ ಬಂದರೆ ಅಂದೇ, ಆ ಕುರ್ಚಿಯಿಂದ ಏಳುವ ಮುನ್ನವೇ ಮಾತನಾಡಬೇಕು. ಎಲ್ಲ ಮುಗಿಸಿ ಕಂಪ್ಯೂಟರಿಗೆ ತುಂಬುವಾಗ ಕಂಡರೆ ಪ್ರಯೋಜನವಿಲ್ಲ. ಯೋಚನೆ ಮಾತ್ರವೇ, ದಾರಿಯನ್ನೂ ಯೋಚಿಸಿದ್ದಾರೆಯೇ, ಈ ರಾತ್ರಿ ಯಾರ ಜತೆ ಇರುತ್ತಾರೆ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಯೋಚನೆ ಬಲವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅವರ ಒಪ್ಪಿಗೆಯಿಂದ ಅಲ್ಲಿಂದಲೇ ಸಮಾಲೋಚಕರಿಗೆ ಕರೆ ಮಾಡಿ. ಹೆಸರಿಲ್ಲದ ಆನ್‌ಲೈನ್ ಸಮೀಕ್ಷೆಯಲ್ಲಿ ಇದು ಸಾಧ್ಯವಿಲ್ಲದ್ದರಿಂದ ಆ ಪ್ರಶ್ನೆ ಬಿಟ್ಟ ಎಂಟು ಪ್ರಶ್ನೆಗಳ ಆವೃತ್ತಿ ಬಳಸಿ.

ಒಂಟಿತನಕ್ಕೆ ಯುಸಿಎಲ್‌ಎ ಮಾಪಕದ ಮೂರು ಪ್ರಶ್ನೆಗಳ ಚಿಕ್ಕ ರೂಪ ಸಾಕು. ನಿಮ್ಮ ಊಹೆಗೆ ತಕ್ಕಂತೆ ಅದನ್ನು ತಿದ್ದಬೇಡಿ; ಇದ್ದಂತೆಯೇ ಕೇಳಿ, ‘ವಿಷಯ ತಿಳಿದವರ ನಡುವೆ’ ಎಂಬ ನಿಮ್ಮ ಪ್ರಶ್ನೆಗಳನ್ನು ಬೇರೆಯಾಗಿ ಇಡಿ. ಅನುವಾದವನ್ನು ಇನ್ನೊಬ್ಬರಿಂದ ಹಿಂದಕ್ಕೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ, ಬಳಿಕ ಕೆಲವರಿಗೆ ಓದಿಸಿ. ‘ಖಿನ್ನತೆ’ ಪತ್ರಿಕೆಯ ಮಾತು. ಬೇಜಾರು, ತಲೆಬಿಸಿ, ಮನಸ್ಸು ಸರಿಯಿಲ್ಲ ಎನ್ನುವವರೇ ಹೆಚ್ಚು. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬರೆದುಕೊಳ್ಳಿ. ಅಣ್ಣ, ಅಕ್ಕ, ಅಮ್ಮ ಇವುಗಳಲ್ಲಿ ಯಾವುದೆಂದು ಕೇಳಿ ತಿಳಿದು ಕರೆಯಿರಿ.

ಗುರುತು ಅಳಿಸುವುದು

ಹೆಸರು ಬದಲಿಸಿದರೆ ಸಾಕು ಎಂದುಕೊಂಡವರಿಗಾಗಿ ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ತುಣುಕು: ‘ನಾನು ಕಾರ್ಕಳ ತಾಲೂಕಿನವನು. ಪಿಯುಸಿ ಆದ ಮೇಲೆ ಎರಡು ವರ್ಷ ಮೇಳದಲ್ಲಿ ಸ್ತ್ರೀವೇಷ ಮಾಡಿದೆ. ಅಣ್ಣ ಇಲ್ಲಿನ ಸಂಘದ ಖಜಾಂಚಿ. ಈಗ ಮುಲುಂಡಿನಲ್ಲಿ ಮಾವನ ಬಾರಿನ ಕ್ಯಾಶಿನಲ್ಲಿ ಕೂರುತ್ತೇನೆ.’ ಇದರಲ್ಲಿ ಹೆಸರಿಲ್ಲ. ಆದರೂ ಮುಂಬಯಿ ಕನ್ನಡ ವಲಯದ ಯಾರಾದರೂ ಓದಿದರೆ ಚಹಾ ಮುಗಿಯುವುದರೊಳಗೆ ವ್ಯಕ್ತಿಯನ್ನು ಹೇಳಿಬಿಡುತ್ತಾರೆ.

ಅಚ್ಚಿಗೆ ಹೋಗಬೇಕಾದದ್ದು ಇಷ್ಟು: ‘ಕರಾವಳಿಯಿಂದ ಬಂದ ಇವರು ಸಂಬಂಧಿಕರ ಉದ್ಯಮದಲ್ಲಿ ಕೆಲಸಕ್ಕಿದ್ದಾರೆ.’ ವೇಷದ ಮಾತು ನಿಮ್ಮ ವಾದಕ್ಕೆ ಬೇಕೇಬೇಕಾದರೆ ಅದನ್ನು ಬೇರೆ ಅಧ್ಯಾಯದಲ್ಲಿ, ಯಾರದೆಂದು ಹೇಳದೆ, ‘ಊರಿನಲ್ಲಿ ರಂಗಕಲೆಯ ಒಡನಾಟವಿದ್ದ ಒಬ್ಬರು’ ಎಂದು ತನ್ನಿ. ಖಜಾಂಚಿ ಅಣ್ಣನನ್ನು ಪೂರ್ತಿ ಬಿಡಿ. ಬದಲಿ ಹೆಸರಿನಲ್ಲೂ ಶೆಟ್ಟಿ, ಪೂಜಾರಿ, ರಾಠೋಡ ಎಂಬ ಅಡ್ಡಹೆಸರು ಬೇಡ, ಜಾತಿ ಸೇರಿದರೆ ಹುಡುಕಾಟ ಅರ್ಧ ಮುಗಿದಂತೆ. ಜಾತಿಯ ಚರ್ಚೆ ಅಗತ್ಯವಿದ್ದರೆ, ಬಹಳ ಸಲ ಅಗತ್ಯವಿರುತ್ತದೆ, ಅದನ್ನು ಗುಂಪಿನ ಮಟ್ಟದಲ್ಲಿ ಮಾಡಿ. ಕೋಷ್ಟಕದ ಯಾವ ಚೌಕದಲ್ಲೂ ಐದಕ್ಕಿಂತ ಕಡಿಮೆ ಜನ ಉಳಿಯದಂತೆ ಸಾಲುಗಳನ್ನು ಕೂಡಿಸಿ. ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಕೆಲಸವನ್ನು ಪರಿಚಯದ ಕನ್ನಡ ಟೈಪಿಸ್ಟರಿಗೆ ಕೊಡಬೇಡಿ; ದನಿ ಕೇಳಿಯೇ ಗುರುತಿಸುವವರಿದ್ದಾರೆ.

ಪುಣೆ, ಗೋವಾಕ್ಕೆ ವಿಸ್ತರಿಸುವುದಾದರೆ

ಪುಣೆಯಲ್ಲಿ ಕ್ವಿಯರ್ ಜನರಿಗಾಗಿ 2002ರಿಂದ ಸಮಪಥಿಕ್ ಟ್ರಸ್ಟ್ ಇದೆ, ಹಿಂಜೆವಾಡಿಯ ಸಾಫ್ಟ್‌ವೇರ್ ಕನ್ನಡಿಗರು ಬೇರೆಯೇ ಒಂದು ಲೋಕ. ಗೋವಾದಲ್ಲಿ 2011ರಲ್ಲಿ ಶೇ 4.65 ಮಂದಿಯ ಮಾತೃಭಾಷೆ ಕನ್ನಡ. ವಾಸ್ಕೋ, ಝುವಾರಿನಗರದ ಕೂಲಿಕಾರರು ಹಬ್ಬಕ್ಕೊಮ್ಮೆ ಹಾವೇರಿ, ಗದಗ, ಬಾಗಲಕೋಟೆಗೆ ಹೋಗಿಬರುವುದರಿಂದ ಅಲ್ಲಿ ಊರು ಬಿಡುವುದು ಎಂಬುದರ ಅರ್ಥವೇ ಬೇರೆ. ನೆರವಿಗೆ ಮಾನಸಿಕ ಆರೋಗ್ಯದಲ್ಲಿ ಕೆಲಸ ಮಾಡುವ ಪರ್ವರಿಯ ಸಂಗಾತ್ ಸಂಸ್ಥೆ, ಬಾಂಬೋಳಿಯ ಸರಕಾರಿ ಮನೋವೈದ್ಯ ಆಸ್ಪತ್ರೆ ಇವೆ. ಮುಂಬಯಿಯ ಪ್ರಶ್ನಾವಳಿಯನ್ನು ಅಲ್ಲಿಗೆ ಹಾಗೆಯೇ ಒಯ್ಯಬೇಡಿ.

ಬರೆಯುವಾಗ, ಬರೆದಾದ ಮೇಲೆ

ಇಪ್ಪತ್ತು ಜನರನ್ನು ಮಾತನಾಡಿಸಿ ‘ಶೇ 65 ಮಂದಿಗೆ ಖಿನ್ನತೆ’ ಎಂದು ಬರೆಯಬೇಡಿ. ಇಪ್ಪತ್ತರಲ್ಲಿ ಹದಿಮೂರು ಎನ್ನಿ. ಗೋಳಷ್ಟನ್ನೇ ಆಯ್ದು ಪೋಣಿಸುವುದೂ ಬೇಡ. ಮುಂಬಯಿಗೆ ಬಂದದ್ದರಿಂದಲೇ ಬದುಕಿದೆ ಎನ್ನುವವರು, ಲೋಕಲ್ ಡಬ್ಬಿಯ ನೂಕುನುಗ್ಗಲಿನಲ್ಲಿ ಯಾರೂ ತನ್ನನ್ನು ಗುರುತಿಸದ ಸುಖವನ್ನು ಹೇಳುವವರು, ಇಪ್ಪತ್ತು ವರ್ಷದಿಂದ ಸಂಗಾತಿಯ ಜತೆ ‘ರೂಮ್ ಪಾರ್ಟ್ನರ್’ ಎಂಬ ಹೆಸರಿನಲ್ಲಿ ನೆಮ್ಮದಿಯಾಗಿ ಸಂಸಾರ ಮಾಡುವವರು ಸಿಗಬಹುದು. ಅವರೂ ನಿಮ್ಮ ಪುಟಗಳಲ್ಲಿ ಇರಲಿ.

ಪತ್ರಿಕೆಯವರು ವರದಿ ಮಾಡಲು ಬಂದರೆ ಸಂತೋಷ, ಮುಂಬಯಿಯ ಕನ್ನಡ ಓದುಗರಿಗೆ ಇದು ತಲುಪಬೇಕು. ಆದರೆ ‘ಒಂದು ಫೋಟೊ, ಬೆನ್ನು ತೋರಿಸಿದರೂ ಸಾಕು’ ಎಂದು ಕೇಳುತ್ತಾರೆ. ಬೆನ್ನೂ ಬೇಡ, ಕೈಯೂ ಬೇಡ. ಬೆರಳಿನ ಉಂಗುರ, ಹಿಂದಿನ ಗೋಡೆಯ ಟೈಲ್ಸು ಊರಿನವರಿಗೆ ಸಾಕಾಗುತ್ತದೆ.

ಮಾತನಾಡಿದವರಿಗೆ ಫಲಿತಾಂಶ ತಿಳಿಸುವುದು ನಿಮ್ಮ ಹೊಣೆ. ಇಂಗ್ಲಿಷ್ ಪ್ರಬಂಧದ ಪಿಡಿಎಫ್ ಅವರ ಫೋನಿನಲ್ಲಿ ಬಿದ್ದಿರುವುದು ಉಪಯೋಗಕ್ಕೂ ಇಲ್ಲ, ಸುರಕ್ಷಿತವೂ ಅಲ್ಲ. ಮುಖ್ಯ ಸಂಗತಿಗಳನ್ನು ಕನ್ನಡದಲ್ಲಿ, ಬೇಕಾದರೆ ತುಳುವಿನಲ್ಲೂ ಓದಿ ಚಿಕ್ಕ ಧ್ವನಿಮುದ್ರಿಕೆ ಮಾಡಿ, ಕಡತಕ್ಕೆ ಯಾರಿಗೂ ಕುತೂಹಲ ಹುಟ್ಟದಂಥ ಹೆಸರಿಟ್ಟು, ಒಮ್ಮೆ ಕೇಳಿದ ಮೇಲೆ ಅಳಿಸಲು ಹೇಳಿ ಕಳುಹಿಸಿ. ಒಪ್ಪಿಗೆ ಕೇಳುವಾಗ ನೀವು ಹೇಳಿದ ತಾರೀಕು ಬಂದ ದಿನ ಮೂಲ ದನಿಗಳನ್ನೂ ವೃತ್ತಗಳ ಚಿತ್ರಗಳನ್ನೂ ನಿಮ್ಮ ಫೋನಿನಿಂದ, ಲ್ಯಾಪ್‌ಟಾಪಿನಿಂದ, ಕ್ಲೌಡಿನಿಂದ, ಬರಹಕ್ಕಿಳಿಸಿದವರ ಕಂಪ್ಯೂಟರಿನಿಂದ, ವಾಟ್ಸ್ಆ್ಯಪ್ ಬ್ಯಾಕಪ್ಪಿನಿಂದ ಅಳಿಸಿ, ಅಳಿಸಿದ್ದೇನೆ ಎಂದು ಸಮಿತಿಗೆ ಬರೆದುಕೊಡಿ.